ಎಲ್ಲರೂ ಲೀಡರ್ ಅಂದಮೇಲೆ ತೀರ್ಮಾನ ಯಾರದ್ದು?

ಮಹಿಳಾ ಓದುಗರೊಬ್ಬರ ಪ್ರಶ್ನೆ: ಪೀಣ್ಯದಲ್ಲಿ ಪಂಪ್‌ಗಳ ಕಂಟ್ರೋಲ್ ಪ್ಯಾನಲ್ ಮಾಡುವ ಕಂಪನಿಯೊಂದರಲ್ಲಿ 11 ವರ್ಷದಿಂದ ಇದ್ದೇನೆ. ಈಗ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ನಮ್ಮ ಟೀಮ್ ಲೀಡರ್ ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಎಂ.ಡಿ. ಸರ್ ಯಾವುದೋ ತರಬೇತಿಗೆ ಹೋಗಿ ಬಂದು, 'ಇನ್ಮೇಲೆ ಈ ಟೀಮ್‌ನಲ್ಲಿ ಎಲ್ಲರೂ ಲೀಡರೇ, ಕೂಡಿ ನಡೆಸಿಕೊಂಡು ಹೋಗಿ' ಎಂದರು. ಡಿಸೈನ್, ಪರ್ಚೇಸ್, ಪ್ರೊಡಕ್ಷನ್, ಕ್ಯೂಸಿ (ಗುಣಮಟ್ಟ ಪರೀಕ್ಷೆ), ಸರ್ವಿಸ್ ಎಲ್ಲ ಸೇರಿ ನಾವು 9 ಜನ.

ಮೊದಲು ಖುಷಿಯಾಗಿತ್ತು. ಈಗ ಯಾವ ಕೆಲಸವೂ ಮುಂದೆ ಹೋಗುತ್ತಿಲ್ಲ. ಹೋದ ತಿಂಗಳು ಪ್ಯಾನಲ್ ಬಾಗಿಲಿನ ಗ್ಯಾಸ್ಕೆಟ್ (ನೀರು, ಧೂಳು ಒಳಗೆ ಹೋಗದ ಹಾಗೆ ಅಂಚಿಗೆ ಹಾಕುವ ಮೆತ್ತನೆಯ ಪಟ್ಟಿ) ಸ್ಟಾಕ್ ಇಲ್ಲ, ಸ್ವಲ್ಪ ದಪ್ಪದ್ದು ಕೊಡಲಾ ಅಂತ ವೆಂಡರ್ ಕೇಳಿದರು. ವಾಟ್ಸಾಪ್ ಗ್ರೂಪ್‌ಗೆ ಹಾಕಿದೆ. 6 ಜನ ಹೆಬ್ಬೆಟ್ಟು ಒತ್ತಿದರು. ಡ್ರಾಯಿಂಗ್ ಯಾರೂ ತಿದ್ದಲಿಲ್ಲ, ಆರ್ಡರ್ ಯಾರೂ ಬದಲಿಸಲಿಲ್ಲ. 12 ಪ್ಯಾನಲ್ ಪ್ಯಾಕಿಂಗ್ ಹತ್ತಿರ ನಿಂತುಬಿಟ್ಟವು. ಕಸ್ಟಮರ್ ಕೈಲಿ ಬೈಸಿಕೊಂಡಿದ್ದು ನಾನು. ಮೀಟಿಂಗ್ ಕರೆಯುವುದು, ಮಿನಿಟ್ಸ್ ಬರೆಯುವುದು, 'ಏನಾಯ್ತು ಸರ್' ಅಂತ ಎಲ್ಲರ ಹಿಂದೆ ಬೀಳುವುದು, ಎಲ್ಲ ನಾನೇ. ಮೆಟ್ರೋದಲ್ಲಿ ಮನೆಗೆ ಹೋಗುವಾಗಲೂ ಫೋನ್ ಕೈಲೇ ಇರುತ್ತದೆ. ಹೆಸರಿಗೆ ಎಲ್ಲರೂ ಲೀಡರ್. ಆದರೆ ಡಿಸೈನ್‌ನಲ್ಲಿರುವ ಹಿರಿಯರೊಬ್ಬರು ಮುಖ ಗಂಟು ಹಾಕಿದರೆ ಆ ವಿಷಯ ಅಲ್ಲಿಗೇ ಮುಗಿಯಿತು. ಇಷ್ಟಾಗಿ ಈ ಸಲದ ಅಪ್ರೈಸಲ್‌ನಲ್ಲಿ ನನಗೆ ಬಂದ ಮಾತು, 'ಇನ್ನೂ ಮುಂದೆ ಬಂದು ಜವಾಬ್ದಾರಿ ತಗೋಬೇಕು.'

ನಮ್ಮ ಜನಕ್ಕೆ ತಲೆಮೇಲೆ ಒಬ್ಬ ಬಾಸ್ ಇಲ್ಲದೆ ಕೆಲಸ ಆಗುವುದೇ ಇಲ್ಲವಾ? ವಾಪಸ್ ಒಬ್ಬ ಟೀಮ್ ಲೀಡರ್ ಕೊಡಿ ಅಂತ ಎಂ.ಡಿ. ಸರ್‌ನ ಕೇಳಲಾ? ಇಲ್ಲ, ಕೆಲಸ ಬಿಡುವುದೇ ವಾಸಿಯಾ?

ಉತ್ತರ:

ನಿಮ್ಮ ಪತ್ರದಿಂದ ನನಗೆ ಅರ್ಥವಾಗಿದ್ದು ಇಷ್ಟು. ಲೀಡರ್ ಹೋದರು, ಅವರು ಮಾಡುತ್ತಿದ್ದ ಕೆಲಸ ಹೋಗಲಿಲ್ಲ. ಆ ಕೆಲಸದಲ್ಲಿ ಅಧಿಕಾರದ ಪಾಲು ಡಿಸೈನ್ ಸರ್ ಕಡೆ ಸರಿಯಿತು. ಚಾಕರಿಯ ಪಾಲು ನಿಮ್ಮ ತಲೆಗೆ ಬಂತು. ಉಳಿದ 7 ಜನ ಮಧ್ಯದಲ್ಲಿ ಆರಾಮಾಗಿದ್ದಾರೆ. ಅವರು ಕೆಟ್ಟವರು ಅಂತಲ್ಲ. ಯಾರೂ ಅವರಿಗೆ ಏನನ್ನೂ ಕೊಟ್ಟಿಲ್ಲ, ಹಾಗಾಗಿ ಅವರ ಕೈಯಲ್ಲಿ ಏನೂ ಇಲ್ಲ.

ಟೀಮ್‌ಗಳ ಕೆಲಸ ಸರಿಪಡಿಸುವುದೇ ನನ್ನ ವೃತ್ತಿ. ಪೀಣ್ಯ, ಬೊಮ್ಮಸಂದ್ರದ ಫ್ಯಾಕ್ಟರಿಗಳಿಂದ ಹಿಡಿದು ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳವರೆಗೂ ನಿಮ್ಮಂಥ ಕೇಸ್ ನೋಡಿದ್ದೇನೆ. ಕುರ್ಚಿ ತೆಗೆದ ದಿನ, ಆ ಕುರ್ಚಿಯಲ್ಲಿ ಕೂತವರು ತಗೊಳ್ಳುತ್ತಿದ್ದ ತೀರ್ಮಾನಗಳನ್ನು ಒಂದೊಂದಾಗಿ ಯಾರ ಹೆಸರಿಗಾದರೂ ಬರೆದುಕೊಟ್ಟರಾ? ನಿಮ್ಮಲ್ಲಿ ಕೊಟ್ಟಿಲ್ಲ. ಪತ್ರದಲ್ಲಿರುವ ಎಲ್ಲ ತೊಂದರೆಯ ಬೇರು ಅಲ್ಲಿದೆ. ಹಂಚಿಕೊಂಡ ನಾಯಕತ್ವ ಅನ್ನುವುದರಲ್ಲೇ ಹುಳುಕಿದೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮಲ್ಲಿ ಇನ್ನೂ ಏನನ್ನೂ ಹಂಚಿಯೇ ಇಲ್ಲ.

ಲೀಡರ್ ಇಲ್ಲದೆ ನಡೆಸುವವರು ಹೇಗೆ ನಡೆಸುತ್ತಾರೆ

ನ್ಯೂಯಾರ್ಕ್‌ನಲ್ಲಿ ಆರ್ಫಿಯಸ್ ಎಂಬ ವಾದ್ಯವೃಂದ ಇದೆ. 1972ರಲ್ಲಿ ಶುರುವಾಗಿದ್ದು. ಮುಂದೆ ನಿಂತು ಕೋಲು ಆಡಿಸುವ ನಿರ್ದೇಶಕ ಅಲ್ಲಿಲ್ಲ. ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಈ ತಂಡದ ಹೆಸರು ಆಗಾಗ ಬರುತ್ತದೆ. ನಿಮ್ಮ ಎಂ.ಡಿ. ಕೇಳಿಕೊಂಡು ಬಂದಿದ್ದು ಇದನ್ನೇ ಆದರೂ ಆಶ್ಚರ್ಯವಿಲ್ಲ. 'ನೋಡಿ, ಬಾಸ್ ಇಲ್ಲದೆ ಎಷ್ಟು ಚೆನ್ನಾಗಿ ನುಡಿಸುತ್ತಾರೆ' ಎಂದು ಹೇಳಿ ಮುಂದಿನ ಸ್ಲೈಡ್‌ಗೆ ಹೋಗಿಬಿಡುತ್ತಾರೆ.

ಹೇಳದೆ ಬಿಡುವ ಭಾಗ ನಿಮಗೆ ಬೇಕಾದದ್ದು. ಆ ತಂಡದಲ್ಲಿ ಪ್ರತಿ ಕೃತಿಗೂ ಒಬ್ಬ ಮುಖ್ಯ ಪಿಟೀಲು ವಾದಕರನ್ನು, ಜೊತೆಗೆ ಕೆಲವರ ಒಂದು ಸಣ್ಣ ಗುಂಪನ್ನು ಆರಿಸುತ್ತಾರೆ. ಆ ಕೃತಿ ಹೇಗೆ ನುಡಿಸಬೇಕು ಅನ್ನುವುದನ್ನು ಆ ಗುಂಪು ಮೊದಲು ಕೂತು ತೀರ್ಮಾನಿಸುತ್ತದೆ. ಆಮೇಲೆ ಇಡೀ ತಂಡ ಸೇರುತ್ತದೆ. ರಿಹರ್ಸಲ್ ನಡೆಯುವಾಗ ಒಬ್ಬರು ಎದ್ದು ಹೋಗಿ ಸಭಾಂಗಣದಲ್ಲಿ ಕೂತು, ಒಟ್ಟಾಗಿ ಹೇಗೆ ಕೇಳಿಸುತ್ತಿದೆ ಅಂತ ಬಂದು ಹೇಳುತ್ತಾರೆ. ಮುಂದಿನ ಕೃತಿಗೆ ಬೇರೆಯವರು. ಅಂದರೆ ಅಲ್ಲಿ ನಾಯಕತ್ವ ಜಾಸ್ತಿಯೇ ಇದೆ, ಸರದಿಯ ಮೇಲೆ ತಿರುಗುತ್ತದೆ ಅಷ್ಟೇ. ಈ ಕ್ಷಣದಲ್ಲಿ ಯಾರ ಮಾತು ನಡೆಯಬೇಕು ಅನ್ನುವುದರಲ್ಲಿ ಯಾರಿಗೂ ಗೊಂದಲವಿಲ್ಲ. ಇದಕ್ಕೆ ರಿಹರ್ಸಲ್ ಸಮಯವೂ ಜಾಸ್ತಿ ಬೇಕು. ನಿಮ್ಮ ಕಂಪನಿ ಕುರ್ಚಿ ತೆಗೆದು ಒಂದು ಸಂಬಳ ಉಳಿಸಿತು. ಆ ಉಳಿತಾಯದಲ್ಲಿ ಒಂದಿಷ್ಟನ್ನು ಈ ತಯಾರಿಗೆ ಹಾಕಬೇಕಿತ್ತು.

ಹಾಗಂತ ಎಂ.ಡಿ. ಹೇಳಿದ್ದು ಪೂರ್ತಿ ಬುರುಡೆ ಅಂತ ತಿಳಿಯಬೇಡಿ. ಇಂಥ ತಂಡಗಳ ಬಗ್ಗೆ ನಡೆದ ಅಧ್ಯಯನಗಳಿಂದ 42 ಸ್ಯಾಂಪಲ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2014ರಲ್ಲಿ ಬಂತು. ನಾಯಕತ್ವ ಹಂಚಿಕೊಂಡ ಟೀಮ್‌ಗಳ ಕೆಲಸ ಒಟ್ಟಾರೆ ಚೆನ್ನಾಗಿಯೇ ಇತ್ತು. ಕೆಲಸ ಜಟಿಲವಾಗಿದ್ದ ಕಡೆ ಲಾಭ ಇನ್ನೂ ಜಾಸ್ತಿ. ನಿಮ್ಮದು ಅಂಥದ್ದೇ ಕೆಲಸ. ಒಂದು ಪ್ಯಾನಲ್ ಹೊರಗೆ ಹೋಗಬೇಕಾದರೆ ಐದು ವಿಭಾಗದ ತಿಳಿವಳಿಕೆ ಬೇಕು. ಅದಷ್ಟೂ ಒಬ್ಬರ ತಲೆಯಲ್ಲಿ ಇರುವುದಿಲ್ಲ.

ಆ ಆರು ಹೆಬ್ಬೆಟ್ಟುಗಳು

ಗ್ಯಾಸ್ಕೆಟ್ ವಿಷಯ ಸಣ್ಣದು ಅಂತ ದಾಟಿ ಹೋಗುವುದು ಬೇಡ. ನಿಮ್ಮ ಇಡೀ ಕಾಯಿಲೆ ಅದರಲ್ಲಿದೆ.

ಬಾಗಿಲಿನ ಗ್ಯಾಸ್ಕೆಟ್ ದಪ್ಪ ಬದಲಾದರೆ ಏನಾಗುತ್ತದೆ? ತೀರಾ ದಪ್ಪವಾದರೆ ಬಾಗಿಲಿನ ಲಾಕ್ ಕೂರುವುದಿಲ್ಲ, ಅಥವಾ ಒತ್ತಿ ಒತ್ತಿ ಬಾಗಿಲೇ ಸೊಟ್ಟಗಾಗುತ್ತದೆ. ತೆಳುವಾದರೆ ನೀರು ನುಗ್ಗುತ್ತದೆ. ಬೋರ್‌ವೆಲ್ ಪಕ್ಕ ಬಯಲಲ್ಲಿ ನಿಲ್ಲುವ ಪ್ಯಾನಲ್‌ಗೆ ಐಪಿ 55 ಅಂತ ಬರೆದು ಕೊಟ್ಟಿದ್ದರೆ, ಧೂಳಿನಿಂದಲೂ ಪೈಪಿನಲ್ಲಿ ಬಿಟ್ಟ ನೀರಿನಿಂದಲೂ ಒಳಗಿನ ಸಾಮಾನು ಕಾಪಾಡುತ್ತೇವೆ ಅಂತ ಮಾತು ಕೊಟ್ಟ ಹಾಗೆ. ಆದ್ದರಿಂದ ಇದು ಡಿಸೈನ್‌ನವರು ತಗೊಳ್ಳಬೇಕಾದ ತೀರ್ಮಾನ. ಪರ್ಚೇಸ್‌ನವರು ಬೆಲೆ, ದಿನ ಹೇಳಬೇಕು. ಕ್ಯೂಸಿಯವರು ಒಂದು ಬಾಗಿಲಿಗೆ ಹಾಕಿ ನೀರು ಬಿಟ್ಟು ನೋಡಬೇಕು. ಆಮೇಲೆ ಒಬ್ಬರು 'ಆಯ್ತು' ಅಥವಾ 'ಬೇಡ' ಅನ್ನಬೇಕು, ಅಷ್ಟೇ.

ನಿಮ್ಮ ಗ್ರೂಪ್‌ನಲ್ಲಿ ಏನಾಯಿತು ನೋಡಿ. ಹೆಬ್ಬೆಟ್ಟು ಒತ್ತಿದ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಅರ್ಥ. ಪ್ರೊಡಕ್ಷನ್‌ನವರಿಗೆ 'ನೋಡಿದೆ'. ಪರ್ಚೇಸ್‌ನವರಿಗೆ 'ಡಿಸೈನ್ ಒಪ್ಪಿದರೆ ನನ್ನದೇನೂ ತಕರಾರಿಲ್ಲ'. ಸರ್ವಿಸ್ ಹುಡುಗನಿಗೆ 'ಎಲ್ಲರೂ ಒತ್ತಿದ್ದಾರೆ, ನಾನೂ ಒತ್ತಿದೆ'. ನೀವು ಮಾತ್ರ ಅದನ್ನು ಒಪ್ಪಿಗೆ ಅಂತ ಓದಿದಿರಿ. ಆದರೆ ಹೆಬ್ಬೆಟ್ಟಿಗೆ ತಾರೀಖಿಲ್ಲ, ಜವಾಬ್ದಾರಿಯೂ ಇಲ್ಲ. ತೀರ್ಮಾನಗಳನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ತಗೊಳ್ಳುವುದನ್ನು ಇವತ್ತೇ ನಿಲ್ಲಿಸಿ ಅಂತ ನಾನು ಹೇಳುವುದು ಇದಕ್ಕೇ. ಸುದ್ದಿ ಹಾಕಲು, ಫೋಟೋ ಹಾಕಲು ಗ್ರೂಪ್ ಇರಲಿ.

ಹತ್ತಾರು ಜನ ಸೇರಿದ ಕಡೆ ಹಾವು ಸಾಯೋದಿಲ್ಲ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಇದನ್ನು ಹಗ್ಗ ಎಳೆಸಿ ಅಳೆದರು. 1913ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, 8 ಜನ ಸೇರಿ ಎಳೆದಾಗ ತಲಾ ಬಿದ್ದ ಬಲ ಒಬ್ಬನೇ ಎಳೆದಾಗಿನ ಸುಮಾರು ಅರ್ಧ. ಸ್ವಲ್ಪ ಭಾಗ ಹೋಗುವುದು ಎಲ್ಲರೂ ಒಂದೇ ಹೊತ್ತಿಗೆ ಎಳೆಯದೆ. ಇನ್ನು ಸ್ವಲ್ಪ 'ಬೇರೆಯವರು ಎಳೀತಾರಲ್ಲ' ಅನ್ನುವುದರಿಂದ. 1970, 80ರ ಹೊತ್ತಿಗೆ ಅಮೆರಿಕದಲ್ಲಿ ಇದನ್ನೇ ಚಪ್ಪಾಳೆ ಮತ್ತು ಕೂಗಿನಿಂದ ಪರೀಕ್ಷಿಸಿದರು. ಗುಂಪಿನಲ್ಲಿ ಕೂಗುವಾಗ ಜನ ಮೆಲ್ಲಗೆ ಕೂಗಿದರು. ಆದರೆ ಗುಂಪಿನಲ್ಲಿದ್ದರೂ ನಿಮ್ಮ ಕೂಗನ್ನು ಬೇರೆಯಾಗಿ ಅಳೆಯುತ್ತೇವೆ ಅಂದಾಗ ಆ ಮೆಲ್ಲಗೆ ಕೂಗುವುದು ನಿಂತುಹೋಯಿತು. ಹಾಗಾಗಿ ನಿಮ್ಮ ಸಹೋದ್ಯೋಗಿಗಳನ್ನು ಸೋಮಾರಿಗಳು ಅನ್ನುವ ಮುಂಚೆ, ಯಾರ ಪಾಲು ಯಾವುದು ಅಂತ ಕಾಣುವ ಹಾಗೆ ಮಾಡಿ ನೋಡಿ.

ಇನ್ನೊಂದು ಲೆಕ್ಕವೂ ಇದೆ. 9 ಜನರಲ್ಲಿ ಇಬ್ಬಿಬ್ಬರ ನಡುವೆ ಒಂದೊಂದು ಮಾತಿನ ದಾರಿ ಅಂತ ಎಣಿಸಿದರೆ 36 ದಾರಿ. 5 ಜನರಾದರೆ 10. ಗ್ಯಾಸ್ಕೆಟ್‌ಗೆ 9 ಜನ ಬೇಕಿರಲಿಲ್ಲ. 3 ಜನ ಸಾಕಿತ್ತು, ಅಂದರೆ 3 ದಾರಿ. ಪ್ರತಿ ವಿಷಯವನ್ನೂ ಎಲ್ಲರ ಮುಂದೆ ಇಡುವುದೇ ಪ್ರಜಾಪ್ರಭುತ್ವ ಅನ್ನುವ ತಪ್ಪು ಕಲ್ಪನೆ ಒಳ್ಳೆಯ ಮನಸ್ಸಿನ ಟೀಮ್‌ಗಳಲ್ಲೇ ಜಾಸ್ತಿ.

'ನಮ್ಮ ಜನಕ್ಕೆ ಬಾಸ್ ಬೇಕೇ ಬೇಕು'

ಈ ಮಾತನ್ನು ನಾನು ಒಪ್ಪುವುದಿಲ್ಲ. ಚರ್ಚ್ ಸ್ಟ್ರೀಟ್‌ನ ಇಂಡಿಯಾ ಕಾಫಿ ಹೌಸ್‌ನಲ್ಲಿ ನೀವೂ ಮಸಾಲೆ ದೋಸೆ ತಿಂದಿರಬಹುದು. 2009ಕ್ಕೆ ಮುಂಚೆ ಎಂ.ಜಿ. ರಸ್ತೆಯಲ್ಲಿತ್ತಲ್ಲ, ಅದೇ. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸ ಹೋಗುವ ನೌಕರರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಶುರುವಾಗಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಮೇಜಿಗೆ ಕಾಫಿ ತಂದುಕೊಡುವವರೇ ಸಂಘದ ಸದಸ್ಯರು. ಅವರು ಬೇರೆ ದೇಶದಿಂದ ಬಂದವರಲ್ಲ, ಅಲ್ವಾ? ಆದರೆ ಅಲ್ಲೂ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಕ್ಯಾಶ್ ಯಾರದ್ದು, ಅಡುಗೆಮನೆ ಯಾರದ್ದು ಅಂತ ಗೊತ್ತಿರುತ್ತದೆ. ದೋಸೆ ಹುಯ್ಯಲು ಎಲ್ಲರ ಒಪ್ಪಿಗೆಗೆ ಕಾಯುವುದಿಲ್ಲ.

ಹಿರಿಯರ ಎದುರು ಮಾತಾಡಲು ಹಿಂಜರಿಕೆ ನಮ್ಮಲ್ಲಿ ಜಾಸ್ತಿ ಅನ್ನುವುದು ನಿಜ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಆ ಹಿಂಜರಿಕೆ ಇದೆ ಅಂತ ಗೊತ್ತಿದ್ದ ಮೇಲೆ ಅದಕ್ಕೆ ತಕ್ಕ ಹಾಗೆ ಕೆಲಸದ ರೀತಿ ಹಾಕಿಕೊಳ್ಳಬೇಕು.

ಇನ್ನು, ಟೀಮ್ ಸರಿಯಾಗಬೇಕಾದರೆ ಎಲ್ಲರೂ ಒಂದು ದಿನ ರೆಸಾರ್ಟ್‌ಗೆ ಹೋಗಿ ಬರಬೇಕು ಅನ್ನುವ ಸಲಹೆ ನಿಮಗೆ ಬಂದೇ ಬರುತ್ತದೆ. ಹೋಗಿ ಬನ್ನಿ, ಊಟ ಚೆನ್ನಾಗಿರುತ್ತದೆ. ಸೋಮವಾರ ಗ್ಯಾಸ್ಕೆಟ್ ಅಲ್ಲೇ ಇರುತ್ತದೆ.

ಎಲ್ಲ ನಿಮ್ಮ ಮೇಲೇ ಯಾಕೆ ಬೀಳುತ್ತದೆ

ಇದಕ್ಕೆ ನಿಮ್ಮ ಸ್ವಭಾವವೇ ಕಾರಣ ಅಂತ ಯಾರಾದರೂ ಹೇಳಿದ್ದರೆ, ಪೂರ್ತಿ ನಂಬಬೇಡಿ.

2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಮೂರು ಮೂರು ಜನರನ್ನು ಗುಂಪು ಮಾಡಿ, ಕಂಪ್ಯೂಟರ್ ಮುಂದೆ ಕೂರಿಸಿದರು. ಕೊಟ್ಟ ಎರಡು ನಿಮಿಷದಲ್ಲಿ ಯಾರಾದರೂ ಒಬ್ಬರು ಒಂದು ಗುಂಡಿ ಒತ್ತಬೇಕು. ಒತ್ತಿದರೆ ಮೂವರಿಗೂ ಲಾಭ, ಆದರೆ ಒತ್ತಿದವರಿಗೆ ಉಳಿದಿಬ್ಬರಿಗಿಂತ ಕಡಿಮೆ. ಯಾರೂ ಒತ್ತದಿದ್ದರೆ ಎಲ್ಲರಿಗೂ ಅದಕ್ಕಿಂತಲೂ ಕಡಿಮೆ. ಗಂಡಸರು ಹೆಂಗಸರು ಸೇರಿದ್ದ ಗುಂಪುಗಳಲ್ಲಿ ಹೆಂಗಸರೇ ಗಣನೀಯವಾಗಿ ಜಾಸ್ತಿ ಸಲ ಒತ್ತಿದರು. ಬರೀ ಗಂಡಸರ ಗುಂಪಿನಲ್ಲಿ ಏನಾಯಿತು ಗೊತ್ತಾ? ಗಂಡಸರೇ ಒತ್ತಿದರು. ಬರೀ ಹೆಂಗಸರ ಗುಂಪಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಹೆಂಗಸರು ಹುಟ್ಟಾ ಸೇವಾ ಮನೋಭಾವದವರು ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದರೆ 'ಅವರು ಮಾಡ್ತಾರೆ' ಅಂತ ಎಲ್ಲರೂ ಕಾಯುತ್ತಾರೆ, ಅವರೂ 'ನಾನೇ ಮಾಡಬೇಕಾಗುತ್ತೆ' ಅಂತ ಮೊದಲೇ ತೀರ್ಮಾನಿಸಿಬಿಡುತ್ತಾರೆ. ಅದೇ ಅಧ್ಯಯನದಲ್ಲಿ, ಯಾರನ್ನಾದರೂ ಕೇಳಿ ಅಂತ ಬಿಟ್ಟಾಗ ಗಂಡಸರೂ ಹೆಂಗಸರೂ ಹೆಚ್ಚಾಗಿ ಕೇಳಿದ್ದು ಹೆಂಗಸರನ್ನೇ.

ನಿಮ್ಮ ಮಿನಿಟ್ಸ್, ರಿಮೈಂಡರ್, ಮೀಟಿಂಗ್ ಕರೆಯುವುದು, ಎಲ್ಲ ಆ ಗುಂಡಿಯೇ. ಅದು ಮಾಡಲೇಬೇಕಾದ ಕೆಲಸ. ಆದರೆ ಅಪ್ರೈಸಲ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಅದಕ್ಕೇ ಇಡೀ ಟೀಮ್‌ನ ಎಳೆದುಕೊಂಡು ಹೋಗುತ್ತಿರುವವರಿಗೆ 'ಜವಾಬ್ದಾರಿ ತಗೋಬೇಕು' ಅನ್ನುವ ಮಾತು ಬಂತು.

ಇದಕ್ಕೆ ಎರಡು ದಾರಿ. ಒಂದೋ ಮಿನಿಟ್ಸ್ ಮತ್ತು ಫಾಲೋಅಪ್ ಕೆಲಸವನ್ನು ತಿಂಗಳಿಗೊಬ್ಬರಂತೆ ಸರದಿ ಹಾಕಿ, ಡಿಸೈನ್ ಸರ್ ಸೇರಿ ಎಲ್ಲರಿಗೂ. ಇಲ್ಲವೇ ಅದನ್ನು ನಿಮ್ಮ ಅಧಿಕೃತ ಕೆಲಸ ಅಂತ ಬರೆಸಿಕೊಂಡು, ಅದಕ್ಕೆ ತಕ್ಕ ಹುದ್ದೆಯನ್ನೋ ಸಂಬಳವನ್ನೋ ಕೇಳಿ. ಸರದಿ ಹಾಕಿದರೆ ಮೊದಲ ಎರಡು ತಿಂಗಳು ಮಿನಿಟ್ಸ್ ಕೆಟ್ಟದಾಗಿ ಇರುತ್ತದೆ. ನೋಡಿ ಸಹಿಸಿಕೊಳ್ಳಬೇಕು. ನೀವು ತಿದ್ದಲು ಕೈ ಹಾಕಿದಿರೋ, ಕೆಲಸ ವಾಪಸ್ ನಿಮ್ಮ ಮೇಜಿಗೆ ಬಂತು ಅಂತಲೇ ಅರ್ಥ.

ಡಿಸೈನ್ ಸರ್

ಅವರ ಬಗ್ಗೆ ನೀವು ಬರೆದಿದ್ದು ಕಡಿಮೆ. ಆದರೆ ಪತ್ರದಲ್ಲಿ ಅತಿ ಹೆಚ್ಚು ಭಯ ಇರುವುದು ಅಲ್ಲೇ.

ಬಾಸ್ ಇಲ್ಲ ಅಂತ ಘೋಷಿಸಿದ ಟೀಮ್‌ನಲ್ಲಿ ಬಾಸ್ ಇಲ್ಲದೆ ಇರುವುದಿಲ್ಲ. ವಯಸ್ಸು, ಅನುಭವ, ಎಂ.ಡಿ. ಜೊತೆಗಿನ ಹಳೆಯ ಪರಿಚಯ, ಇಂಗ್ಲಿಷ್, ಗಟ್ಟಿ ದನಿ, ಇವುಗಳಲ್ಲಿ ಯಾವುದಾದರೊಂದು ಆ ಜಾಗ ಹಿಡಿಯುತ್ತದೆ. ಇಂಥ ಬಾಸ್‌ನ ಕಷ್ಟ ಏನೆಂದರೆ ಅವರನ್ನು ಪ್ರಶ್ನೆ ಮಾಡಲು ಬರುವುದಿಲ್ಲ. ಯಾಕೆಂದರೆ ಕಾಗದದ ಮೇಲೆ ಅವರು ಬಾಸ್ ಅಲ್ಲವೇ ಅಲ್ಲ. ಹಳೆಯ ಟೀಮ್ ಲೀಡರ್ ತಪ್ಪು ಮಾಡಿದರೆ ಎಂ.ಡಿ. ಕರೆದು ಕೇಳುತ್ತಿದ್ದರು. ಇವರು ಮುಖ ಗಂಟು ಹಾಕಿದ್ದಕ್ಕೆ ಯಾರು ಕೇಳುತ್ತಾರೆ?

ಆದರೆ ಅವರ ಕಡೆಯಿಂದಲೂ ಒಮ್ಮೆ ನೋಡಿ. 25, 30 ವರ್ಷದ ಅನುಭವ ಇರುವವರನ್ನು ನಿನ್ನೆ ಬಂದ ಟ್ರೈನಿಯ ಪಕ್ಕ ನಿಲ್ಲಿಸಿ 'ನೀವಿಬ್ಬರೂ ಲೀಡರ್' ಅಂದರೆ ಅವರಿಗೆ ಕೇಳಿಸುವುದು 'ನಿಮ್ಮ ಅನುಭವಕ್ಕೆ ಬೆಲೆ ಇಲ್ಲ' ಅಂತಲೇ. ಟೀಮ್ ಲೀಡರ್ ಹೋದಾಗ ಆ ಜಾಗ ತಮಗೆ ಬರುತ್ತದೆ ಅಂತ ಅವರು ಕಾದಿದ್ದರೂ ಕಾದಿರಬಹುದು. ಇಂಥ ಹಿರಿಯರಿಗೆ ಒಂದು ಸ್ಪಷ್ಟ ಕ್ಷೇತ್ರ ಕೊಟ್ಟು, 'ಸರ್, ಬಿಡಿಭಾಗ ಬದಲಾಯಿಸುವ ತೀರ್ಮಾನ ಪೂರ್ತಿ ನಿಮ್ಮದು, ಎರಡು ದಿನದೊಳಗೆ ಹೇಳಿಬಿಡಿ ಸಾಕು' ಅಂದಾಗ ಅರ್ಧ ಗಂಟು ಸಡಿಲವಾಗುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಎಲ್ಲರೂ ಸಡಿಲವಾಗುವುದಿಲ್ಲ. ಕೆಲವರಿಗೆ ಬೇಕಾಗಿರುವುದು ಎಲ್ಲದರಲ್ಲೂ ಬೇಡ ಅನ್ನುವ ಹಕ್ಕು. ಅಂಥವರನ್ನು ಸರಿ ಮಾಡುವುದು ನಿಮ್ಮ ಕೆಲಸವಲ್ಲ, ಎಂ.ಡಿ. ಕೆಲಸ.

ಮೀಟಿಂಗ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ. ಹಿರಿಯರು ಕೊನೆಯಲ್ಲಿ ಮಾತಾಡಲಿ. ಇದನ್ನು ಗೌರವದಿಂದಲೇ ಹೇಳಬಹುದು, 'ಸರ್, ಎಲ್ಲರದ್ದೂ ಕೇಳಿ ಕೊನೆಗೆ ನೀವು ಹೇಳಿ' ಅಂತ. ಯಾರಿಗೂ ಬೇಜಾರಾಗುವುದಿಲ್ಲ. ಅವರು ಮೊದಲೇ ಹೇಳಿಬಿಟ್ಟರೆ ಉಳಿದವರು ತಲೆ ಆಡಿಸುವುದೊಂದೇ ಬಾಕಿ.

ಜೊತೆಗೆ ಭಾಷೆ. ನೀವು ಬರೆಯದಿದ್ದರೂ ಕೇಳುತ್ತೇನೆ. ಮೀಟಿಂಗ್ ಯಾವ ಭಾಷೆಯಲ್ಲಿ ನಡೆಯುತ್ತದೆ? ಡಿಸೈನ್‌ನವರೊಬ್ಬರಿಗೋಸ್ಕರ ಇಂಗ್ಲಿಷ್‌ಗೋ ಹಿಂದಿಗೋ ತಿರುಗಿದರೆ, ವೈರಿಂಗ್ ಮಾಡುವವರು ಆ ಕ್ಷಣಕ್ಕೆ ಮೀಟಿಂಗ್‌ನಿಂದ ಹೊರಗೆ ಹೋದಂತೆ. ದೇಹ ಮಾತ್ರ ಕುರ್ಚಿಯಲ್ಲಿ ಇರುತ್ತದೆ. ಹಳೆಯ ಗ್ಯಾಸ್ಕೆಟ್ ಎಷ್ಟು ಪ್ಯಾನಲ್‌ನಲ್ಲಿ ಕಿತ್ತು ಬಂದಿದೆ ಅಂತ ಅವರಿಗೇ ಗೊತ್ತಿರುತ್ತದೆ. ಮೀಟಿಂಗ್‌ಗೆ ಮುಂಚೆ ಶಾಪ್ ಫ್ಲೋರ್‌ಗೆ ಹೋಗಿ ಕನ್ನಡದಲ್ಲಿ ಎರಡು ಮಾತು ಕೇಳಿ ಬನ್ನಿ. ಅಲ್ಲಿ ಸಿಗುವ ಮಾಹಿತಿ ಮೀಟಿಂಗ್ ರೂಮಿನಲ್ಲಿ ಸಿಗುವುದಿಲ್ಲ.

ಸುಮ್ಮನಿರುವ ಟೀಮ್ ಚೆನ್ನಾಗಿದೆ ಅಂತ ಮೋಸಹೋಗುವುದು ಸುಲಭ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು, ದಾಖಲಾದ ತಪ್ಪು ಅಲ್ಲೇ ಜಾಸ್ತಿ ಸಿಕ್ಕಿತು. ಅವರು ಕೊಟ್ಟ ವಿವರಣೆ ಏನೆಂದರೆ, ಆ ತಂಡಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು. ನಿಮ್ಮ ಟೀಮ್‌ನಲ್ಲಿ 'ಇದು ನನ್ನಿಂದ ತಡವಾಯಿತು' ಅಂತ ಯಾರಾದರೂ ಕೊನೆಯ ಸಲ ಹೇಳಿದ್ದು ಯಾವಾಗ ಅಂತ ಯೋಚಿಸಿ ನೋಡಿ.

ಈಗ ಏನು ಮಾಡಬಹುದು

ವಾಪಸ್ ಒಬ್ಬ ಟೀಮ್ ಲೀಡರ್ ಕೇಳುವುದು ಒಂದು ದಾರಿ. ಅದರಲ್ಲಿ ಸೋಲು, ಅವಮಾನ ಏನೂ ಇಲ್ಲ. ಕೆಲಸ ದಿನಾ ಒಂದೇ ಥರ ಇದ್ದರೆ, ಒಬ್ಬರಿಗೆ ಎಲ್ಲ ಗೊತ್ತಿದ್ದರೆ, ಅದೇ ಸರಿ. ನಿಮ್ಮಲ್ಲಿ ಅಪಾಯ ಎಲ್ಲಿದೆ ಅಂದರೆ, ಕೇಳಿದ ಮಾರನೇ ದಿನ ಆ ಕುರ್ಚಿಗೆ ಬರುವವರು ಬಹುಶಃ ಡಿಸೈನ್ ಸರ್. ಅದಕ್ಕೆ ನೀವು ತಯಾರಿದ್ದೀರಾ? ಉಳಿದವರು ಇನ್ನೂ ಆರಾಮಾಗುತ್ತಾರೆ, ಗ್ಯಾಸ್ಕೆಟ್ ಕೂಡ ಡಿಸೈನ್ ಸರ್ ಮೇಜಿನ ಮೇಲೆ ಸಾಲಿನಲ್ಲಿ ಕಾಯುತ್ತದೆ.

ತಿಂಗಳಿಗೊಬ್ಬ ಲೀಡರ್ ಅನ್ನುವ ಸರದಿಯನ್ನು ಕೆಲವರು ಹೇಳುತ್ತಾರೆ. ಮೀಟಿಂಗ್ ನಡೆಸಲು ಅದು ಸರಿ. ತೀರ್ಮಾನಕ್ಕೆ ಬೇಡ. ಮೂರನೇ ವಾರಕ್ಕೆ ಕೆಲಸ ಅರ್ಥವಾಗುತ್ತದೆ, ನಾಲ್ಕನೇ ವಾರದಲ್ಲಿ ಕಷ್ಟದ ವಿಷಯವನ್ನು ಮುಂದಿನವರಿಗೆ ತಳ್ಳುತ್ತಾರೆ.

ನಾನು ನಿಮಗೆ ಹೇಳುವುದು ತೀರ್ಮಾನಗಳನ್ನು ಹೆಸರು ಹೆಸರಿಗೆ ಹಂಚುವುದು. ಒಂದು ಮಧ್ಯಾಹ್ನ 9 ಜನವೂ ಕೂತು, ಕಳೆದ ಎರಡು ಮೂರು ತಿಂಗಳಲ್ಲಿ ಸಿಕ್ಕಿಹಾಕಿಕೊಂಡ ವಿಷಯಗಳನ್ನು ಬೋರ್ಡ್ ಮೇಲೆ ಬರೆಯಿರಿ. ಹದಿನೈದಕ್ಕಿಂತ ಜಾಸ್ತಿ ಬರುವುದಿಲ್ಲ, ಅದದೇ ತಿರುಗಿ ಬರುತ್ತವೆ. ಒಂದೊಂದರ ಮುಂದೆಯೂ ಒಬ್ಬರ ಹೆಸರು ಹಾಕಿ. ಇಬ್ಬರ ಹೆಸರು ಬೇಡ, ವಿಭಾಗದ ಹೆಸರೂ ಬೇಡ, ಮನುಷ್ಯರ ಹೆಸರೇ ಬೇಕು. ಅದರ ಪಕ್ಕ, ತೀರ್ಮಾನಕ್ಕೆ ಮುಂಚೆ ಅವರು ಯಾರನ್ನು ಕೇಳಲೇಬೇಕು ಅಂತ ಬರೆಯಿರಿ. ಎಷ್ಟು ದಿನದೊಳಗೆ ಅನ್ನುವುದೂ ಇರಲಿ. ಬಿಡಿಭಾಗ ಬದಲಾವಣೆ ಡಿಸೈನ್ ಸರ್, ಪರ್ಚೇಸ್ ಮತ್ತು ಕ್ಯೂಸಿಯನ್ನು ಕೇಳಿ, ಎರಡು ದಿನ. ಡಿಸ್ಪ್ಯಾಚ್ ತಡೆಹಿಡಿಯುವುದು ಕ್ಯೂಸಿಯವರು, ಅದೇ ದಿನ. ವಾರದ ಪ್ಲಾನ್ ಹಿಂದೆ ಮುಂದೆ ಮಾಡುವುದು ನೀವು, ಪ್ರೊಡಕ್ಷನ್‌ನವರನ್ನು ಕೇಳಿ. ಕೇಳುವುದು ಅಂದರೆ ಒಪ್ಪಿಸುವುದಲ್ಲ ಅನ್ನುವುದನ್ನು ಅವತ್ತೇ ಗಟ್ಟಿಯಾಗಿ ಹೇಳಿಕೊಳ್ಳಿ. ತೀರ್ಮಾನ ಇಷ್ಟವಾಗದವರು ಮೀಟಿಂಗ್‌ನಲ್ಲಿ ಹೇಳಬಹುದು, ಆದರೆ ಕೆಲಸ ನಿಲ್ಲಿಸುವ ಹಾಗಿಲ್ಲ.

ಇದರಲ್ಲೂ ಅಪಾಯ ಇದೆ. ಕೆಲವರು ತಮ್ಮ ಪಾಲನ್ನು ಜಹಗೀರು ಮಾಡಿಕೊಳ್ಳುತ್ತಾರೆ, ಯಾರನ್ನೂ ಕೇಳದೆ ಹುಕುಂ ಹೊರಡಿಸುತ್ತಾರೆ. ಎರಡು ಪಾಲಿನ ಮಧ್ಯೆ ಬೀಳುವ ವಿಷಯ ಬಂದೇ ಬರುತ್ತದೆ. ಅದಕ್ಕೊಂದು ನಿಯಮ ಮೊದಲೇ ಇರಲಿ, ಯಾರ ಕಣ್ಣಿಗೆ ಮೊದಲು ಬಿತ್ತೋ ಅವರು ಯಾರದ್ದು ಅಂತ ಅವತ್ತು ಸಂಜೆಯೊಳಗೆ ಗೊತ್ತುಮಾಡಬೇಕು. ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತಿದ್ದಿ. ಮೊದಲ ಪಟ್ಟಿ ಸರಿಯಾಗಿಯೇ ಇರುವುದಿಲ್ಲ.

ಕೆಲಸ ಬಿಡುವ ವಿಷಯ ಕೇಳಿದಿರಿ. 11 ವರ್ಷದ ಅನುಭವ ಇದ್ದವರಿಗೆ ಈ ಊರಿನಲ್ಲಿ ಬೇರೆ ಕೆಲಸ ಸಿಗಲು ಅವಕಾಶಗಳಿವೆ. ಆದರೆ ಈ ಪಟ್ಟಿಯನ್ನು ಮೂರು ತಿಂಗಳು ಪ್ರಯತ್ನಿಸಿ ನೋಡಿ ತೀರ್ಮಾನಿಸಿ. ಎಂ.ಡಿ. ಅದನ್ನು ಕೈಗೆ ತಗೊಂಡು ನೋಡಲೂ ಒಪ್ಪದಿದ್ದರೆ, ಆಗ ರೆಸ್ಯುಮೆ ತಿದ್ದಲು ಶುರುಮಾಡಿ. ಸಿಟ್ಟಿನಲ್ಲಿ ಬೇಡ, ಲೆಕ್ಕ ಹಾಕಿ.

ಎಂ.ಡಿ. ಹತ್ತಿರ ಹೇಗೆ ಮಾತಾಡುವುದು

'ಸರ್, ಇದು ನಡೀತಿಲ್ಲ' ಅಂತ ಶುರುಮಾಡಬೇಡಿ. ಅವರು ತಂದ ಯೋಚನೆ ಅದು, ಕೂಡಲೇ ಅದರ ಪರ ವಾದ ಮಾಡಲು ಕೂರುತ್ತಾರೆ. 12 ಪ್ಯಾನಲ್ ನಿಂತ ಕಥೆಯನ್ನು ತಾರೀಖಿನ ಸಮೇತ ಅರ್ಧ ಪುಟದಲ್ಲಿ ಬರೆದುಕೊಂಡು ಹೋಗಿ. ಯಾವ ದಿನ ವೆಂಡರ್ ಕೇಳಿದರು, ಯಾವ ದಿನ ಯಾರು ಏನು ಹೇಳಿದರು, ಎಷ್ಟು ದಿನ ಹೋಯಿತು. ಯಾರ ಮೇಲೂ ತಪ್ಪು ಹೊರಿಸಬೇಡಿ. ಕೊನೆಗೆ 'ಸರ್, ನೀವು ಹೇಳಿದ ಹಾಗೇ ನಡೆಸೋಣ, ಆದರೆ ಯಾವ ತೀರ್ಮಾನ ಯಾರದ್ದು ಅಂತ ಬರೆದಿಟ್ಟುಕೊಳ್ಳೋಣ' ಅನ್ನಿ. ಜೊತೆಗೆ ಮೂರು ವಿಷಯ ಕೇಳಿ.

ಒಂದು, ಪಟ್ಟಿ ಮಾಡುವ ದಿನ ಮೊದಲ ಹತ್ತು ನಿಮಿಷ ಅವರೇ ಬಂದು ಕೂತು, ಇದು ನನ್ನ ಒಪ್ಪಿಗೆಯಿಂದ ನಡೆಯುತ್ತಿದೆ ಅಂತ ಹೇಳಿ ಹೋಗಲಿ. ಅವರು ಬಾರದಿದ್ದರೆ ಇದು 'ಮೇಡಂ ಅವರ ಪಟ್ಟಿ' ಆಗಿಬಿಡುತ್ತದೆ. ಆಮೇಲೂ ತಿಂಗಳಿಗೊಮ್ಮೆ ಟೀಮ್ ಜೊತೆ ಕೂರಲಿ, ತೀರ್ಮಾನ ಕೊಡಲು ಅಲ್ಲ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಲು. 2007ರಲ್ಲಿ 59 ಕನ್ಸಲ್ಟಿಂಗ್ ತಂಡಗಳನ್ನು ನೋಡಿದ ಒಂದು ಅಧ್ಯಯನದಲ್ಲಿ, ಗುರಿ ಒಂದೇ ಇದ್ದು, ಒಬ್ಬರಿಗೊಬ್ಬರು ಆಸರೆಯಾಗಿ, ಎಲ್ಲರ ಮಾತಿಗೂ ಜಾಗವಿದ್ದ ಕಡೆ ಹಂಚಿಕೊಂಡ ನಾಯಕತ್ವ ಬೆಳೆದಿತ್ತು. ಹೊರಗಿನಿಂದ ಬೆನ್ನಿಗೆ ನಿಂತ ಮಾರ್ಗದರ್ಶಕರೂ ಅದಕ್ಕೆ ನೆರವಾಗಿದ್ದರು. ಬಿಟ್ಟುಬಿಟ್ಟರೆ ತಾನಾಗೇ ಬೆಳೆಯುತ್ತದೆ ಅನ್ನುವುದು ಸುಳ್ಳು.

ಎರಡು, ಅಪ್ರೈಸಲ್. 9 ಜನರನ್ನು ಒಬ್ಬರ ಮೇಲೊಬ್ಬರು ಅಂತ ರ‍್ಯಾಂಕ್ ಮಾಡಿ ಇನ್‌ಕ್ರಿಮೆಂಟ್ ಹಂಚಿದರೆ, ಪಕ್ಕದವರಿಗೆ ಯಾರು ಸಹಾಯ ಮಾಡುತ್ತಾರೆ? ಪೂರ್ತಿ ಬದಲಾಯಿಸಲು ಅವರು ಒಪ್ಪಲಿಕ್ಕಿಲ್ಲ. ಪ್ಯಾನಲ್ ಹೇಳಿದ ದಿನಕ್ಕೆ ಹೊರಗೆ ಹೋಯಿತೇ ಅನ್ನುವುದಕ್ಕೆ ಟೀಮ್‌ಗೆಲ್ಲ ಸೇರಿ ಒಂದಿಷ್ಟು ಭಾಗ ಇಡಿ, ಫಾಲೋಅಪ್ ಕೆಲಸಕ್ಕೆ ಒಂದು ಕಾಲಂ ಇಡಿ ಅಂತ ಕೇಳಿ. ಈ ಸಲ ಅಪ್ರೈಸಲ್‌ನಲ್ಲಿ ನಿಮಗೆ ಬಂದ ಮಾತಿಗೂ ಆಗಲೇ ಉತ್ತರ ಕೊಟ್ಟ ಹಾಗಾಗುತ್ತದೆ.

ಮೂರನೆಯದು ಹೇಳಲು ಕಷ್ಟ, ಆದರೆ ಹೇಳಲೇಬೇಕು. ಕಸ್ಟಮರ್ ಫೋನ್ ಬಂದ ತಕ್ಷಣ ಅವರು ನೇರವಾಗಿ ಪ್ರೊಡಕ್ಷನ್‌ನವರಿಗೆ 'ಇದನ್ನ ಮೊದಲು ಕಳಿಸು' ಅಂತ ಹೇಳಿದರೆ, ಆ ದಿನಕ್ಕೆ ಪಟ್ಟಿ ರದ್ದಾಯಿತು ಅಂತಲೇ ಎಲ್ಲರೂ ತಿಳಿಯುತ್ತಾರೆ. ಕಂಪನಿ ಅವರದ್ದು, ಬದಲಾಯಿಸುವ ಹಕ್ಕೂ ಅವರಿಗಿದೆ. ಆದರೆ ಪ್ಲಾನ್ ಬದಲಾಗಬೇಕಿದ್ದರೆ ಆ ಫೋನ್ ಮೊದಲು ನಿಮಗೆ ಬರಲಿ, ಗ್ಯಾಸ್ಕೆಟ್ ಬದಲಾಗಬೇಕಿದ್ದರೆ ಡಿಸೈನ್ ಸರ್‌ಗೆ ಹೋಗಲಿ. ಇಷ್ಟಕ್ಕೆ ಅವರು ಹೂಂ ಅಂದರೆ ಬೋರ್ಡ್ ಮುಂದೆ ಕೂರುವ ದಿನ ಗೊತ್ತುಮಾಡಿಕೊಂಡೇ ಅವರ ರೂಮಿನಿಂದ ಎದ್ದು ಬನ್ನಿ.